ಸಂಶೋಧನೆಗೆ ಹಣ: ಪ್ರಶ್ನೆ ಯಾರದು, ಸಹಿ ಯಾರದು?

ಹಂಪಿಯ ವಿಜಯ ವಿಠ್ಠಲ ದೇವಾಲಯದ ಮಂಟಪದಲ್ಲಿರುವ ಸಂಗೀತ ಕಂಬಗಳ ಬಗ್ಗೆ ಕೇಳದ ಮಕ್ಕಳಿಲ್ಲ. ಬೆರಳಿನಿಂದ ತಟ್ಟಿದರೆ ಕಲ್ಲು ಸ್ವರ ಹೊರಡಿಸುತ್ತದೆ. ಕಂಬಗಳು ಹಾಳಾಗಬಾರದೆಂದು ಈಗ ಅವನ್ನು ಮುಟ್ಟಲು ಬಿಡುವುದಿಲ್ಲ. ಆದರೆ ಕಲ್ಲು ಹಾಡುವುದೇಕೆ ಎಂಬ ಪ್ರಶ್ನೆಯನ್ನು ಯಾವ ಕಾವಲುಗಾರನೂ ತಡೆಯಲಾರ. ಒಳಗೆ ಟೊಳ್ಳಿದೆಯೇ? ಕಲ್ಲಿನ ಜಾತಿಯೇ ಬೇರೆಯೇ? ಒಡೆದು ನೋಡೋಣವೆಂದರೆ ಅದು ವಿಶ್ವ ಪರಂಪರೆಯ ತಾಣ.

ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಲೋಹದ ಒಳಗಿನ ಬಿರುಕನ್ನು ಲೋಹಕ್ಕೆ ಪೆಟ್ಟಾಗದಂತೆ ಪತ್ತೆ ಹಚ್ಚುವ ಶ್ರವಣಾತೀತ ಧ್ವನಿಯ ವಿಧಾನವನ್ನೂ, ಹೊಮ್ಮಿದ ನಾದವನ್ನು ಆವರ್ತಾಂಕಗಳಾಗಿ ಬಿಡಿಸಿ ನೋಡುವ ವಿಧಾನವನ್ನೂ ಕಲ್ಲಿನ ಕಂಬಗಳಿಗೆ ಅನ್ವಯಿಸಿದರು. ಕಂಬಗಳು ಟೊಳ್ಳಲ್ಲ, ಗಟ್ಟಿಯಾಗಿಯೇ ಇವೆ. ತಟ್ಟಿದಾಗ ಅವು ಬಾಗಿ ಬಾಗಿ ಕಂಪಿಸುವುದರಿಂದ ಸ್ವರ ಹುಟ್ಟುತ್ತದೆ ಎಂದು ತಿಳಿದುಬಂತು. ಒಂದು ಚೂರು ಕಲ್ಲೂ ಉದುರದೆ ಉತ್ತರ ಸಿಕ್ಕಿತು.

ಇಂಥ ಕೆಲಸಕ್ಕೆ ಉಪಕರಣ ಬೇಕು, ಪ್ರಯಾಣ ಬೇಕು, ತಿಂಗಳುಗಟ್ಟಲೆ ಲೆಕ್ಕ ಹಾಕುವ ತರುಣರಿಗೆ ಸಂಬಳ ಬೇಕು. ಈ ಹಣ ಎಲ್ಲಿಂದ ಬರುತ್ತದೆ? ಬಹುಪಾಲು ಸರಕಾರದಿಂದ, ಅಂದರೆ ಜನ ಕಟ್ಟಿದ ತೆರಿಗೆಯಿಂದ. ಹಾಗಾದರೆ ಯಾವ ಪ್ರಶ್ನೆಗೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ನೋಡಿಕೊಳ್ಳುವವರು ಯಾರು? ಅದಕ್ಕೆಂದೇ ಒಂದು ಹುದ್ದೆಯಿದೆ. ಎಂಜಿನಿಯರಿಂಗ್ ಓದಿದ ಮಗ ಅಥವಾ ಮಗಳು ಸಾಫ್ಟ್‌ವೇರ್ ಕಂಪನಿ ಸೇರಬೇಕು, ಇಲ್ಲವೇ ಲೋಕೋಪಯೋಗಿ ಇಲಾಖೆ ಸೇರಬೇಕು ಎಂದಷ್ಟೇ ಯೋಚಿಸುವ ತಂದೆ ತಾಯಿಗಳಿಗೆ ಈ ಹುದ್ದೆಯ ಹೆಸರೂ ತಿಳಿದಿರುವುದಿಲ್ಲ. ಅದೇ ಸಂಶೋಧನಾ ಅನುದಾನದ ಕಾರ್ಯಕ್ರಮ ನಿರ್ದೇಶಕನ ಹುದ್ದೆ.

ಕೊಡುವ ಕೈಯ ಕೆಲಸ

ಭಾರತ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸ್ಥಾಪನೆಯಾದದ್ದು 1971ರಲ್ಲಿ. ಅದರ ಆಶ್ರಯದಲ್ಲಿ ಮೊದಲು ಒಂದು ಸಂಶೋಧನಾ ಪರಿಷತ್ತು, ಆಮೇಲೆ 2008ರ ಕಾಯ್ದೆಯಂತೆ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಅನುದಾನ ಹಂಚುವ ಕೆಲಸ ಮಾಡಿದವು. 2023ರ ಕಾಯ್ದೆಯ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದು, ಹಳೆಯ ಮಂಡಳಿ ಅದರಲ್ಲಿ ವಿಲೀನವಾಯಿತು. ಹೆಸರುಗಳು ಬದಲಾದರೂ ಒಳಗಿನ ಕೆಲಸದ ಕ್ರಮ ಹೆಚ್ಚು ಬದಲಾಗಿಲ್ಲ.

ಕ್ರಮ ಹೀಗಿದೆ. ಇಂಥ ವಿಷಯದಲ್ಲಿ ಸಂಶೋಧನಾ ಪ್ರಸ್ತಾವನೆಗಳನ್ನು ಆಹ್ವಾನಿಸಲಾಗಿದೆ ಎಂದು ಪ್ರಕಟಣೆ ಹೊರಡುತ್ತದೆ. ದೇಶದ ಮೂಲೆ ಮೂಲೆಗಳಿಂದ ಪ್ರಾಧ್ಯಾಪಕರು ಅರ್ಜಿ ಕಳುಹಿಸುತ್ತಾರೆ. ಪ್ರತಿಯೊಂದರಲ್ಲೂ ಪ್ರಶ್ನೆ ಏನು, ಇದುವರೆಗೆ ಯಾರು ಏನು ಮಾಡಿದ್ದಾರೆ, ಈಗ ಮಾಡಲಿರುವುದೇನು, ಎಷ್ಟು ವರ್ಷ ಬೇಕು, ಎಷ್ಟು ಹಣ ಬೇಕು ಎಂಬ ವಿವರ ಇರುತ್ತದೆ. ಅಧಿಕಾರಿ ಅವನ್ನು ವಿಷಯವಾರು ವಿಂಗಡಿಸಿ, ಆಯಾ ವಿಷಯ ಬಲ್ಲ ತಜ್ಞರಿಗೆ ಅಭಿಪ್ರಾಯಕ್ಕಾಗಿ ಕಳುಹಿಸುತ್ತಾನೆ. ತಜ್ಞರ ಹೆಸರು ಅರ್ಜಿದಾರರಿಗೆ ತಿಳಿಯುವುದಿಲ್ಲ. ಆಮೇಲೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಹೀಗೆ ಒಂದೊಂದು ವಿಭಾಗಕ್ಕೂ ಇರುವ ಸಲಹಾ ಸಮಿತಿ ಸಭೆ ಸೇರಿ ಚರ್ಚಿಸುತ್ತದೆ. ಸಮಿತಿ ಶಿಫಾರಸು ಮಾಡಿದರೆ ಹಣಕಾಸು ವಿಭಾಗದ ಒಪ್ಪಿಗೆ, ಮಂಜೂರಾತಿ ಆದೇಶ, ಮೊದಲ ಕಂತು. ವರ್ಷ ವರ್ಷ ಪ್ರಗತಿ ವರದಿ ಹಾಗೂ ಹಣ ಬಳಕೆಯ ಪ್ರಮಾಣಪತ್ರ ಬಂದ ಮೇಲಷ್ಟೇ ಮುಂದಿನ ಕಂತು.

ಮೇಲ್ನೋಟಕ್ಕೆ ಇದು ಗುಮಾಸ್ತನ ಕೆಲಸದಂತೆ ಕಾಣಬಹುದು. ಆದರೆ ಇದರ ಜೀವ ಒಂದು ಸಣ್ಣ ನಿರ್ಧಾರದಲ್ಲಿದೆ. ಯಾವ ಅರ್ಜಿಯನ್ನು ಯಾವ ತಜ್ಞನ ಕೈಗೆ ಕೊಡಬೇಕು? ಹಿಂದಿನಿಂದ ನಡೆದುಬಂದ ವಿಷಯವನ್ನೇ ಮೆಚ್ಚುವ ತಜ್ಞನ ಕೈಗೆ ಹೊಸ ವಿಚಾರ ಹೋದರೆ ಅದು ಅಲ್ಲಿಯೇ ಸಾಯುತ್ತದೆ. ಅರ್ಜಿದಾರನ ಗುರುವಿಗೋ ಸಹೋದ್ಯೋಗಿಗೋ ಹೋದರೆ ಬರುವುದು ವಿಮರ್ಶೆಯಲ್ಲ, ಆಶೀರ್ವಾದ. ಆದುದರಿಂದ ಸ್ವಂತ ಸಂಸ್ಥೆಯವರು, ಜೊತೆಯಾಗಿ ಪ್ರಬಂಧ ಬರೆದವರು, ಗುರು ಶಿಷ್ಯರು ಪರಸ್ಪರರ ಅರ್ಜಿಗಳ ಮೌಲ್ಯಮಾಪನದಲ್ಲಿ ಇರದಂತೆ ನೋಡಿಕೊಳ್ಳುವುದು ಅಧಿಕಾರಿಯ ಹೊಣೆ. ಅವನು ಮೌಲ್ಯಮಾಪಕನಲ್ಲ, ಮೌಲ್ಯಮಾಪನ ನೆಟ್ಟಗೆ ನಡೆಯುವಂತೆ ಕಾಯುವವನು. ಪರೀಕ್ಷೆಯಲ್ಲಿ ಮುಖ್ಯ ಮೇಲ್ವಿಚಾರಕರಿಗಿರುವ ಸ್ಥಾನವನ್ನು ನೆನಪಿಸಿಕೊಂಡರೆ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾದೀತು.

ಇನ್ನೊಂದು ಕಷ್ಟದ ಕೆಲಸ 'ಇಲ್ಲ' ಎನ್ನುವುದು. ಬಂದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಹಣ ಸಿಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಂಥ ಶ್ರೀಮಂತ ಸಂಸ್ಥೆಯಲ್ಲೂ ಇತ್ತೀಚಿನ ವರ್ಷಗಳಲ್ಲಿ ಸುಮಾರು ನಾಲ್ಕು ಅರ್ಜಿಗಳಲ್ಲಿ ಒಂದಕ್ಕಷ್ಟೇ ಅನುದಾನ ದೊರೆತಿದೆ. ತಿರಸ್ಕರಿಸುವಾಗ ಕಾರಣವನ್ನು ಸ್ಪಷ್ಟವಾಗಿ ಬರೆದು ಕಳುಹಿಸಿದರೆ ಮುಂದಿನ ಬಾರಿ ಅದೇ ಪ್ರಾಧ್ಯಾಪಕ ಉತ್ತಮ ಪ್ರಸ್ತಾವನೆ ತರಬಲ್ಲ. ಬರಿಯ 'ವಿಷಾದಿಸುತ್ತೇವೆ' ಎಂಬ ಒಂದು ಸಾಲು ಬರೆದರೆ ಅವನು ಮತ್ತೆಂದೂ ಅರ್ಜಿ ಹಾಕದಿರಬಹುದು.

ಮೂರು ಯಂತ್ರಗಳ ಕಥೆ

ಅನುದಾನ ಕೊಡುವ ಅಧಿಕಾರಿಯೊಬ್ಬ ಸರಿಯಾದ ಪ್ರಶ್ನೆ ಕೇಳಿದರೆ ಏನಾಗಬಹುದೆಂಬುದಕ್ಕೆ ಇಂಟರ್‌ನೆಟ್‌ಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 1966ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ 'ಆರ್ಪಾ' ಸಂಸ್ಥೆಯಲ್ಲಿ ಗಣಕ ಸಂಶೋಧನೆಯ ಅನುದಾನ ನೋಡಿಕೊಳ್ಳುತ್ತಿದ್ದವರು ರಾಬರ್ಟ್ ಟೇಲರ್. ಅವರ ಕಚೇರಿಯಲ್ಲಿ ಮೂರು ಟರ್ಮಿನಲ್‌ಗಳಿದ್ದವು. ಒಂದೊಂದೂ ಬೇರೆ ಬೇರೆ ಊರಿನ ಕಂಪ್ಯೂಟರಿಗೆ ಜೋಡಣೆಯಾಗಿತ್ತು. ಒಂದರಲ್ಲಿ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗಬೇಕಾದರೆ ಎದ್ದು ಬೇರೆ ಕುರ್ಚಿಯಲ್ಲಿ ಕೂರಬೇಕಿತ್ತು. ಮೂರಕ್ಕೂ ಒಂದೇ ಟರ್ಮಿನಲ್ ಏಕೆ ಸಾಲದು ಎಂಬುದು ಅವರ ಪ್ರಶ್ನೆ. ಮೇಲಧಿಕಾರಿ ಚಾರ್ಲ್ಸ್ ಹರ್ಟ್ಸ್‌ಫೆಲ್ಡ್ ಅವರನ್ನು ಕಂಡು ಹಣ ಕೇಳಿದರು. ಹತ್ತು ಲಕ್ಷ ಡಾಲರ್ ದೊರೆಯಿತು. 1969ರ ಅಕ್ಟೋಬರ್ 29ರಂದು ದೂರದ ಎರಡು ಕಂಪ್ಯೂಟರುಗಳು ಮೊದಲ ಬಾರಿಗೆ ಆ ಜಾಲದಲ್ಲಿ ಮಾತನಾಡಿಕೊಂಡವು.

ಆ ಜಾಲದ ತಂತ್ರವನ್ನು ಟೇಲರ್ ಒಬ್ಬರೇ ರೂಪಿಸಲಿಲ್ಲ. ಪ್ರಶ್ನೆಯನ್ನು ಗುರುತಿಸಿದರು, ತಕ್ಕ ಎಂಜಿನಿಯರುಗಳನ್ನು ಸೇರಿಸಿದರು, ಹಣ ಒದಗಿಸಿದರು. ಪೈರು ಬೆಳೆಯುವವನು ರೈತನೇ; ಆದರೆ ಹದವರಿತು ಕಾಲುವೆಗೆ ನೀರು ಬಿಡುವವನೂ ಬೇಕು.

ಅಮೂಲ್ಯ ರೆಡ್ಡಿ ತಿರುಗಿಸಿದ ದಾರಿ

ಕರ್ನಾಟಕದಲ್ಲೇ ಇಂಥ ಹೊಣೆ ಹೊತ್ತವರಲ್ಲಿ ಮೊದಲು ನೆನಪಾಗಬೇಕಾದ ಹೆಸರು ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಅವರದು. ಬೆಂಗಳೂರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, ವಿದ್ಯುತ್ ರಸಾಯನ ವಿಜ್ಞಾನದಲ್ಲಿ ಜಗತ್ತಿನಾದ್ಯಂತ ಓದಲ್ಪಟ್ಟ ಪಠ್ಯಪುಸ್ತಕದ ಸಹಲೇಖಕರಾದ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಹಳ್ಳಿಯ ಜನರ ಅಗತ್ಯಗಳು ದೊಡ್ಡ ಪ್ರಯೋಗಾಲಯಗಳ ಪ್ರಶ್ನೆಗಳೇಕಾಗಬಾರದು ಎಂಬ ಯೋಚನೆಯಿಂದ 1974ರಲ್ಲಿ 'ಅಸ್ತ್ರ' ಎಂಬ ಘಟಕವನ್ನು ಅಲ್ಲಿ ಆರಂಭಿಸಿದರು. ಮರುವರ್ಷ, ಅಂದರೆ 1975ರಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪನೆಯಾದಾಗ ಅದರ ಕಾರ್ಯದರ್ಶಿಯಾದರು. ಆವರೆಗೆ ಅನುದಾನ ಕೇಳುವ ಕಡೆಯಲ್ಲಿದ್ದವರು ಕೊಡುವ ಕಡೆಯ ಹೊಣೆಯನ್ನೂ ಹೊತ್ತರು.

ಕಡಿಮೆ ಸೌದೆಯಲ್ಲಿ, ಕಡಿಮೆ ಹೊಗೆಯಲ್ಲಿ ಅಡುಗೆಯಾಗುವ ಅಸ್ತ್ರ ಒಲೆ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದ ಸಾಮುದಾಯಿಕ ಗೋಬರ್ ಅನಿಲ ಸ್ಥಾವರ, ಭತ್ತದ ಹೊಟ್ಟಿನ ಬೂದಿಯಿಂದ ಸಿಮೆಂಟಿಗೆ ಪರ್ಯಾಯ ಇವೆಲ್ಲ ಆ ಚಿಂತನೆಯ ಫಲಗಳು. ಒಲೆಯೂ ಎಂಜಿನಿಯರಿಂಗ್ ಸಂಶೋಧನೆಯ ವಿಷಯವಾಗಬಲ್ಲದು ಎಂದು ಒಪ್ಪುವ ಮನಸ್ಸು ಅನುದಾನ ಕೊಡುವ ಕಡೆಯಲ್ಲಿಯೂ ಇದ್ದರೆ ಮಾತ್ರ ಇದು ಸಾಧ್ಯ.

ಅದೇ ಮಂಡಳಿ 1977ರಿಂದ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳ ಯೋಜನೆಗಳಿಗೆ ಅನುದಾನ ಕೊಡುತ್ತ ಬಂದಿದೆ. ಮೊತ್ತ ಕೆಲವು ಸಾವಿರ ರೂಪಾಯಿ ಅಷ್ಟೆ. ಆದರೆ ಪ್ರಸ್ತಾವನೆ ಬರೆಯುವುದು, ತಜ್ಞರ ಪ್ರಶ್ನೆಗೆ ಉತ್ತರಿಸುವುದು, ಲೆಕ್ಕ ಒಪ್ಪಿಸುವುದು ಈ ಮೂರನ್ನೂ ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲೇ ಕಲಿಸುವ ಪಾಠಶಾಲೆ ಅದು.

ಹಂಪಿಗೆ ಬಂದ ಅನುದಾನ

2010ರ ಸುಮಾರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಭಾರತದ ಪರಂಪರೆಯನ್ನು ಡಿಜಿಟಲ್ ರೂಪದಲ್ಲಿ ಉಳಿಸುವ ಕಾರ್ಯಕ್ರಮವೊಂದನ್ನು ಕೈಗೊಂಡಿತು. ದೇಶವನ್ನೆಲ್ಲ ಒಮ್ಮೆಗೇ ತಬ್ಬಿಕೊಳ್ಳುವ ಬದಲು ಒಂದು ಸ್ಥಳವನ್ನು ಆರಿಸಿಕೊಂಡಿತು. ಆ ಸ್ಥಳವೇ ಹಂಪಿ.

ಇಲ್ಲಿ ಅನುದಾನದ ಜಾಣತನ ಗಮನಿಸಬೇಕು. ದೆಹಲಿ ಮತ್ತು ಮುಂಬಯಿಯ ಐಐಟಿಗಳು, ಹೈದರಾಬಾದಿನ ಐಐಐಟಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಇವುಗಳ ಜೊತೆಗೆ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಒಂದೇ ಕಾರ್ಯಕ್ರಮದಲ್ಲಿ ಸೇರಿದವು. ಕಂಪ್ಯೂಟರ್ ಎಂಜಿನಿಯರು, ಇತಿಹಾಸಕಾರ, ವಿನ್ಯಾಸಕಾರ ಒಂದೇ ಮೇಜಿನ ಸುತ್ತ ಕೂತರು. ವಿಠ್ಠಲ ದೇವಾಲಯವನ್ನು ಮೂರು ಆಯಾಮದಲ್ಲಿ ಕಂಪ್ಯೂಟರಿನಲ್ಲಿ ಕಟ್ಟುವುದು, ಭಗ್ನ ಶಿಲ್ಪದ ಕಳೆದುಹೋದ ಭಾಗ ಹೇಗಿದ್ದಿರಬಹುದೆಂದು ಗಣಿತದ ಸಹಾಯದಿಂದ ತುಂಬುವುದು, ವಿರೂಪಾಕ್ಷ ದೇವಾಲಯದ ಮಂಟಪದ ಛಾವಣಿಯಲ್ಲಿರುವ ಗಿರಿಜಾ ಕಲ್ಯಾಣದ ಚಿತ್ರವನ್ನು ಕಥೆಯ ಸಮೇತ ದಾಖಲಿಸುವುದು ಇಂಥ ಕೆಲಸಗಳು ನಡೆದವು. ಇವುಗಳ ಫಲಿತಾಂಶ 2017ರಲ್ಲಿ 'ಡಿಜಿಟಲ್ ಹಂಪಿ' ಎಂಬ ಇಂಗ್ಲಿಷ್ ಗ್ರಂಥವಾಗಿ ಹೊರಬಂತು.

ಹುಬ್ಬಳ್ಳಿಯ ಕಾಲೇಜು ಮುಂದೆ 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಐಐಟಿಗಳ ಸಾಲಿನಲ್ಲಿ ಉತ್ತರ ಕರ್ನಾಟಕದ ಕಾಲೇಜೊಂದು ಕೂತು ಕೆಲಸ ಮಾಡಿದ್ದು ಸಣ್ಣ ಸಂಗತಿಯಲ್ಲ. ದೂರದ ದೊಡ್ಡ ಸಂಸ್ಥೆಯ ಅನುಭವ, ಹತ್ತಿರದ ಕಾಲೇಜಿನ ಓಡಾಟ ಎರಡನ್ನೂ ಕೂಡಿಸುವುದು ಅನುದಾನ ರೂಪಿಸುವವರ ಕೈಯಲ್ಲಿರುವ ಕೆಲಸ.

ಕೇಳುವವರಿಲ್ಲದ ಪ್ರಶ್ನೆಗಳು

ಹಂಪಿಯಿಂದ ಹದಿನೈದಿಪ್ಪತ್ತು ಕಿಲೋಮೀಟರಿನೊಳಗೆ ತುಂಗಭದ್ರಾ ಅಣೆಕಟ್ಟಿದೆ. 1953ರಲ್ಲಿ ನೀರು ನಿಂತ ಈ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. 2016ರ ಸಮೀಕ್ಷೆಯ ಪ್ರಕಾರ ಅದು ಸುಮಾರು 105.8 ಟಿಎಂಸಿಗೆ ಇಳಿದಿದೆ. ಉಳಿದ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಈ ಹೂಳನ್ನು ಎತ್ತಿ ಹಾಕುವುದೆಲ್ಲಿ? ಇಟ್ಟಿಗೆಗೆ ಬಂದೀತೇ, ಹೊಲಕ್ಕೆ ಬಂದೀತೇ? ಮೇಲಿನ ಪ್ರದೇಶದಿಂದ ಮಣ್ಣು ಬರುವುದನ್ನು ತಡೆಯುವುದು ಹೇಗೆ? ಇವು ಸಿವಿಲ್ ಎಂಜಿನಿಯರಿಂಗಿನ ಪ್ರಶ್ನೆಗಳು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಕಾಲುವೆ ನಂಬಿದ ರೈತರು ಉಸಿರು ಬಿಗಿಹಿಡಿದರು. ತಜ್ಞ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಲಾಯಿತು. ಹಳೆಯ ಗೇಟುಗಳನ್ನೆಲ್ಲ ಬದಲಿಸಬೇಕೆಂಬ ನಿರ್ಧಾರಕ್ಕೂ ಆ ಘಟನೆಯೇ ಕಾರಣವಾಯಿತು.

ಈಗ ವಿಠ್ಠಲ ದೇವಾಲಯದ ಕಂಬಗಳನ್ನು ಮತ್ತೆ ನೆನೆಯಿರಿ. ಕಂಬ ಒಡೆಯದೆ ಅದರೊಳಗನ್ನು ತಿಳಿಯಲು ಬಳಸಿದ ಶ್ರವಣಾತೀತ ಧ್ವನಿಯ ವಿದ್ಯೆಯೇ ಉಕ್ಕಿನ ಕೊಂಡಿಯೊಳಗಿನ ಬಿರುಕನ್ನೂ ಹೇಳಬಲ್ಲದು. ಎಪ್ಪತ್ತು ವರ್ಷ ನೀರಿನಲ್ಲಿ, ಬಿಸಿಲಿನಲ್ಲಿ ದುಡಿದ ಸರಪಳಿಯ ಯಾವ ಕೊಂಡಿ ಮೊದಲು ಸೋಲುತ್ತದೆ ಎಂದು ಮೊದಲೇ ತಿಳಿಯುವ ಅಗ್ಗದ ವಿಧಾನ ಬೇಕು. ಇಂಥ ಹಳೆಯ ಅಣೆಕಟ್ಟುಗಳು ದೇಶದಲ್ಲಿ ನೂರಾರು ಇವೆ. ಕೇಂದ್ರ ಜಲಶಕ್ತಿ ಸಚಿವಾಲಯ 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣೆಕಟ್ಟುಗಳಿಗೆಂದೇ ಒಂದು ಉತ್ಕೃಷ್ಟತಾ ಕೇಂದ್ರ ಸ್ಥಾಪಿಸಲು ಒಪ್ಪಂದ ಮಾಡಿಕೊಂಡಿತು. ಅಂದರೆ ಹಣ ಕೊಡುವ ಮನಸ್ಸು ಇದೆ. ನಿಖರವಾಗಿ ಬರೆದ ಪ್ರಶ್ನೆಗಳು ಹೋಗಬೇಕಾಗಿದೆ.

ಸಂಡೂರಿನ ಕಡೆ ಹೋದರೆ ಬೇರೆಯೇ ಪಾಠ. ಕಬ್ಬಿಣದ ಅದಿರಿನ ಗಣಿಗಾರಿಕೆ ಮಿತಿ ಮೀರಿ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಗಣಿಗಳು ತೆರೆದವು. ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ನಿಗಮವೊಂದು ಬಂತು. ಕೆಂಪು ಧೂಳು ಎಲೆಯ ಮೇಲೆ ಕೂತರೆ ಇಳುವರಿ ಎಷ್ಟು ತಗ್ಗುತ್ತದೆ? ಅದಿರು ತೊಳೆದ ಮೇಲೆ ಉಳಿಯುವ ಕೆಸರಿನಲ್ಲಿರುವ ಕಬ್ಬಿಣವನ್ನು ತೆಗೆಯುವ ಬಗೆ ಯಾವುದು? ಅಗೆದು ಬಿಟ್ಟ ಗುಡ್ಡದ ಮೇಲೆ ಮೊದಲು ಬೇರೂರುವ ಗಿಡ ಯಾವುದು?

ಕಂಪ್ಲಿಯ ಕಡೆ ಭತ್ತದ ಗದ್ದೆಗಳು, ಅಕ್ಕಿ ಗಿರಣಿಗಳು, ವಿಜಯನಗರದ ಅರಸರ ಕಾಲದ ಕಾಲುವೆಗಳು. ಗಿರಣಿಯ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಅಂಶ ಹೆಚ್ಚು. ಅಮೂಲ್ಯ ರೆಡ್ಡಿಯವರ ಕಾಲದಲ್ಲಿ ಕೈಗೆತ್ತಿಕೊಂಡ ಪ್ರಶ್ನೆ ಇಂದಿಗೂ ಕಂಪ್ಲಿಯ ಗಿರಣಿಗಳ ಹಿಂದೆ ರಾಶಿಯಾಗಿ ಬಿದ್ದಿದೆ ಎಂದರೆ ತಪ್ಪಾಗಲಾರದು. ಐದಾರು ನೂರು ವರ್ಷಗಳ ಹಿಂದೆ ಆಧುನಿಕ ಅಳತೆ ಯಂತ್ರಗಳಿಲ್ಲದೆ ಇಷ್ಟು ನವಿರಾದ ಇಳಿಜಾರಿನಲ್ಲಿ ಕಾಲುವೆ ತೆಗೆದದ್ದು ಹೇಗೆ ಎಂಬುದೂ ಒಳ್ಳೆಯ ಸಂಶೋಧನೆಯೇ.

ಸಣ್ಣ ಊರಿಗೆ ಸಿಗುತ್ತದೆಯೇ?

ತಂದೆ ತಾಯಿಗಳ ಸಂಶಯ ಇರುವುದು ಇಲ್ಲಿ. ಹಣವೆಲ್ಲ ಐಐಟಿಗೇ ಹೋಗುತ್ತದೆ, ಹೊಸಪೇಟೆಯ ಕಾಲೇಜಿಗೆ ಯಾರು ಕೊಡುತ್ತಾರೆ? ಸಂಶಯದಲ್ಲಿ ಹುರುಳಿದೆ. ದೇಶದ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹೋಗುವ ಪಾಲು 2020-21ರಲ್ಲಿ ಶೇಕಡಾ 0.64, ಅಂದರೆ ನೂರು ರೂಪಾಯಿಯಲ್ಲಿ 64 ಪೈಸೆ. ಇಷ್ಟು ಸಣ್ಣ ಗಂಟಿಗೆ ಕೈ ಚಾಚುವವರು ಬಹಳ. ಹಿಂದೆ ಕೆಲಸ ಮಾಡಿ ತೋರಿಸಿದವರಿಗೇ ಮತ್ತೆ ಸಿಗುವುದು ಸಹಜವಾದರೂ, ಅದರಿಂದ ಉಳಿದವರು ಎಂದೂ ಆರಂಭಿಸದಂತಾಗುತ್ತದೆ.

ಈ ಓರೆಯನ್ನು ತಿದ್ದುವ ಪ್ರಯತ್ನಗಳೂ ಆಗಿವೆ. ಹಳೆಯ ಮಂಡಳಿ 2022ರಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಅಧ್ಯಾಪಕರಿಗೆಂದೇ 'ಸ್ಯೂರ್' ಎಂಬ ಅನುದಾನ ಆರಂಭಿಸಿತು. ಹೊಸ ಪ್ರತಿಷ್ಠಾನದ 'ಪೇರ್' ಕಾರ್ಯಕ್ರಮದಲ್ಲಿ ಪಳಗಿದ ಸಂಸ್ಥೆಯೊಂದು ಗಾಲಿಯ ಗುಂಬದಂತೆ ನಡುವೆ ನಿಂತು, ಸುತ್ತಲಿನ ವಿಶ್ವವಿದ್ಯಾಲಯಗಳು ಅದರ ಅರಗಳಂತೆ ಸೇರಿಕೊಳ್ಳುತ್ತವೆ. ಶಾಲಾ ಮಕ್ಕಳಿಗೂ ಅವಕಾಶವಿದೆ. 'ಇನ್‌ಸ್ಪೈರ್ ಮಾನಕ್' ಕಾರ್ಯಕ್ರಮದಲ್ಲಿ ಶಾಲೆಯ ಮೂಲಕ ಕಳುಹಿಸಿದ ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ 10,000 ರೂಪಾಯಿ ಬರುತ್ತದೆ. ಅಂಗಡಿಯಿಂದ ಸಿದ್ಧ ಮಾದರಿ ತಂದು ಹೆಸರು ಹಚ್ಚುವ ಚಾಳಿ ಬಿಟ್ಟು, ಮಗು ತಾನೇ ಕಂಡ ತೊಂದರೆಯೊಂದನ್ನು ಬರೆದರೆ ಅರ್ಧ ದಾರಿ ಸವೆದಂತೆ.

ಈ ಹುದ್ದೆಗೆ ದಾರಿ

ಕಾರ್ಯಕ್ರಮ ನಿರ್ದೇಶಕರಾಗುವವರು ಸಾಮಾನ್ಯವಾಗಿ ಎರಡು ದಾರಿಯಲ್ಲಿ ಬರುತ್ತಾರೆ. ಒಂದು, ಇಲಾಖೆಯಲ್ಲೇ ವಿಜ್ಞಾನಿಯ ಹುದ್ದೆ. ಎಂಜಿನಿಯರಿಂಗ್ ಪದವಿ ಅಥವಾ ವಿಜ್ಞಾನದ ಸ್ನಾತಕೋತ್ತರ ಪದವಿ, ಹುದ್ದೆಗೆ ತಕ್ಕಂತೆ ಸಂಶೋಧನೆಯ ಅನುಭವ ಅಥವಾ ಡಾಕ್ಟರೇಟ್ ಕೇಳಿ ಪ್ರಕಟಣೆ ಹೊರಡಿಸುತ್ತಾರೆ. ಬಿ, ಸಿ, ಡಿ ಹೀಗೆ ಶ್ರೇಣಿಗಳಿದ್ದು, ಮೇಲೇರಿದಂತೆ ಪೂರ್ಣ ಕಾರ್ಯಕ್ರಮದ ಹೊಣೆ ಬರುತ್ತದೆ. ಇನ್ನೊಂದು, ಪ್ರಾಧ್ಯಾಪಕರಾಗಿ ಹೆಸರು ಮಾಡಿ ಎರವಲು ಸೇವೆಯ ಮೇಲೆ ಕೆಲವು ವರ್ಷ ಬಂದು ಹೋಗುವುದು. ಅಮೆರಿಕದ ಪ್ರತಿಷ್ಠಾನದಲ್ಲಿ ಇದು ಬಹುಕಾಲದ ಪದ್ಧತಿ. ಬೆಂಚಿನ ಎರಡೂ ಬದಿ ಕಂಡವರು ಮರಳಿ ಪಾಠಕ್ಕೆ ಬಂದಾಗ ವಿದ್ಯಾರ್ಥಿಗಳಿಗೂ ಲಾಭ.

ಅದಕ್ಕೂ ಮೊದಲ ಮೆಟ್ಟಿಲು ಸಂಶೋಧನೆಯೇ. ಕಿರಿಯ ಸಂಶೋಧನಾ ಫೆಲೋಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ. 'ಇನ್ನೂ ಓದುತ್ತಲೇ ಇದ್ದಾನೆ' ಎಂದು ಬೇಸರಪಡುವ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಅಂಕಪಟ್ಟಿಯಲ್ಲಿ ಕಾಣದ ಕೆಲವು ಗುಣಗಳೂ ಬೇಕು. ತನ್ನ ವಿಷಯವಲ್ಲದ ಪ್ರಬಂಧವನ್ನು ತಾಳ್ಮೆಯಿಂದ ಓದುವ ಶಕ್ತಿ. ಒಂದು ಪುಟದಲ್ಲಿ ಸ್ಪಷ್ಟವಾಗಿ ಬರೆಯುವ ಶಕ್ತಿ. ದೊಡ್ಡವರ ಶಿಫಾರಸಿನ ಕರೆ ಬಂದಾಗ ವಿನಯದಿಂದಲೇ ನಿಯಮ ತೋರಿಸುವ ಧೈರ್ಯ. ಪ್ರಯೋಗ ಸೋತರೆ ಸೋತಿತೆಂದು ಬರೆದ ವರದಿಯನ್ನು ಗೌರವಿಸುವ, ಗೆದ್ದಿತೆಂದು ಸುಳ್ಳು ಬರೆದ ವರದಿಯನ್ನು ಹಿಡಿಯುವ ಕಣ್ಣು. ಸಂಶೋಧನೆಯಲ್ಲಿ ಸೋಲು ಅಪರಾಧವಲ್ಲ; ಸೋಲನ್ನು ಮುಚ್ಚಿಡುವುದು ಅಪರಾಧ.

ಇನ್ನೊಂದು ಮಾತು. ಪ್ರಶಸ್ತಿ ಬರುವಾಗ ವೇದಿಕೆಯ ಮೇಲೆ ಇರುವವನು ಸಂಶೋಧಕ. ಅನುದಾನ ಕೊಡಿಸಿದ ಅಧಿಕಾರಿಯ ಹೆಸರು ಪ್ರಬಂಧದ ಕೊನೆಯ ಕೃತಜ್ಞತೆಯಲ್ಲೂ ಇರುವುದಿಲ್ಲ, ಇಲಾಖೆಯ ಹೆಸರಷ್ಟೇ ಇರುತ್ತದೆ. ಅದನ್ನು ಒಪ್ಪಿಕೊಳ್ಳಬಲ್ಲವರಿಗೆ ಮಾತ್ರ ಈ ಕೆಲಸ ಹಿಡಿಸೀತು.

ದೆಹಲಿಯಲ್ಲಿ ಕುಳಿತ ಅಧಿಕಾರಿ ಎಷ್ಟೇ ಜಾಣನಾದರೂ ಅವನ ಮೇಜಿಗೆ ಬಾರದ ಪ್ರಶ್ನೆಗೆ ಅವನು ಸಹಿ ಹಾಕಲಾರ. ತುಂಗಭದ್ರೆಯ ಹೂಳು, ಸಂಡೂರಿನ ಧೂಳು, ಕಂಪ್ಲಿಯ ಹೊಟ್ಟು ಇವನ್ನು ದಿನವೂ ಕಾಣುವವರು ಇಲ್ಲಿನ ಮಕ್ಕಳು. ಅವರು ಅದನ್ನು ಅಳೆಯಲಿ, ದಿನಾಂಕ ಹಾಕಿ ಬರೆದಿಡಲಿ, ಅಧ್ಯಾಪಕರನ್ನು ಕಾಡಲಿ. ಅವರಲ್ಲಿ ಕೆಲವರು ನಾಳೆ ಅರ್ಜಿ ಬರೆಯುವವರಾಗುತ್ತಾರೆ. ಒಬ್ಬಿಬ್ಬರು ಅರ್ಜಿ ಓದುವವರೂ ಆಗಬಹುದು. ಹೊಸಪೇಟೆಯ ಗೇಟಿನ ಕೊಂಡಿ ಎಂದರೇನೆಂದು ಕಂಡು ಬಲ್ಲವನೊಬ್ಬ ಆ ಕುರ್ಚಿಯಲ್ಲಿದ್ದರೆ, ಇಂಥ ಅರ್ಜಿ ಬಂದಾಗ ಅದರ ಬೆಲೆ ಏನೆಂದು ಅವನಿಗೆ ಯಾರೂ ವಿವರಿಸಬೇಕಾಗಿಲ್ಲ.